ಕುಂಕುಮ ಹಚ್ಚಿದ ಸ್ಪ್ಯಾನರ್

ಗುರುವಾರ ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಆಂಗ್ ಮೋ ಕಿಯೋ ಬಡಾವಣೆಯ ಗ್ಯಾರೇಜು ಸಾಲಿನ ಹಿಂದುಗಡೆ ಎರಡು ಸಲ ಹಾರನ್ ಹೊಡೆಯಿತೆಂದರೆ ಮೆಕ್ಯಾನಿಕ್ಕುಗಳು ಕಾರುಗಳ ಅಡಿಯಿಂದ ಒಬ್ಬೊಬ್ಬರಾಗಿ ತೆವಳಿ ಹೊರಬರುತ್ತಿದ್ದರು. ಟೂಲ್ ಲಾರಿ ಬಂದಿದೆ ಎಂದು ಅರ್ಥ. ಬೇರೆ ಯಾವುದಕ್ಕೂ ಅವರು ಹಾಗೆ ಎದ್ದು ಬಂದವರಲ್ಲ. ಗಿರಾಕಿ ಬಂದು ಗಂಟಲು ಹರಿದುಕೊಂಡರೂ ಮಲಗಿದಲ್ಲಿಂದಲೇ ಕಾಲು ಅಲ್ಲಾಡಿಸಿ ಉತ್ತರ ಕೊಡುವ ಜನ.

ಅದಕ್ಕೆ ಕಾರಣವಿತ್ತು. ಈ ಕಸುಬಿನಲ್ಲಿ ಗ್ಯಾರೇಜು ಟೌಕೆಯದು, ಅಂದರೆ ಯಜಮಾನನದು. ಕೈಯಲ್ಲಿ ಹಿಡಿಯುವ ಸಾಮಾನು ಮಾತ್ರ ಕೆಲಸಗಾರನ ಸ್ವಂತದ್ದು. ಸ್ಪ್ಯಾನರ್ ಮುರಿದರೆ ಆ ದಿನದ ಮಟ್ಟಿಗೆ ಕೈಯೇ ಮುರಿದಂತೆ. ಅಂಗಡಿ ಹುಡುಕಿಕೊಂಡು ಹೋಗುತ್ತೇನೆ ಎಂದರೆ ಯಾವ ಟೌಕೆಯೂ ಬಿಡುವುದಿಲ್ಲ. ಆದ್ದರಿಂದ ಅಂಗಡಿಯೇ ಚಕ್ರ ಕಟ್ಟಿಕೊಂಡು ಬಾಗಿಲಿಗೆ ಬರುತ್ತಿತ್ತು. ಲಾರಿಯ ಒಳಗೆ ಎರಡೂ ಬದಿಗೆ ಡ್ರಾಯರುಗಳು, ಡ್ರಾಯರಿನ ತುಂಬ ಕನ್ನಡಿಯಂತೆ ಹೊಳೆಯುವ ಸಾಮಾನು. ಮುರಿದದ್ದನ್ನು ಕೊಟ್ಟರೆ ಹೇಗೆ ಮುರಿಯಿತು ಎಂದು ಕೂಡ ಕೇಳದೆ ಹೊಸದನ್ನು ಕೈಗಿಡುತ್ತಿದ್ದರು, ಕಂಪನಿಯ ಮಾತು ಅದು. ಮುರಿದದ್ದು ಬಾಗಿಲ ಪಕ್ಕದ ನೀಲಿ ಕ್ರೇಟಿಗೆ ಬಿದ್ದು ಕಂಪನಿಗೆ ವಾಪಸ್ಸು ಹೋಗುತ್ತಿತ್ತು. ಡ್ರಾಯರಿನಲ್ಲಿರುವುದು ಹೊಸದು, ಕ್ರೇಟಿನಲ್ಲಿರುವುದು ಮುರಿದದ್ದು. ಲಾರಿ ಡೀಸೆಲ್ಲಿಗಿಂತ ಹೆಚ್ಚಾಗಿ ಈ ನಂಬಿಕೆಯ ಮೇಲೆ ಓಡುತ್ತಿತ್ತು.

ವರ್ಷಗಟ್ಟಲೆ ಆ ಲಾರಿ ತಂದವನು ಒಬ್ಬ ಮುದುಕ ಚೀನೀ ಅಂಕಲ್. ಅವನು ಮಂಡಿನೋವೆಂದು ಮನೆಯಲ್ಲಿ ಕೂತ ಮೇಲೆ ಎರಡು ತಿಂಗಳು ಲಾರಿಯೇ ಇರಲಿಲ್ಲ. ಜೂನಿನಲ್ಲಿ ಮತ್ತೆ ಹಾರನ್ ಕೇಳಿಸಿದಾಗ, ಆ ಸಾಲಿನ ಮೆಕ್ಯಾನಿಕ್ಕುಗಳಲ್ಲಿ ಒಬ್ಬನಾದ ಕುಶಾಲ್ ಎಲ್ಲರಿಗಿಂತ ಮೊದಲು ಓಡಿದ. ಲಾರಿಯ ಮೆಟ್ಟಿಲ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇನ್ನೂ ಕೊಳೆಯಾಗದ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದವನು ಸಂಪತ್ ಅಂಕಲ್.

ಕುಶಾಲನ ಅಪ್ಪನ ಸ್ನೇಹಿತ. ಬ್ಯಾಂಕೊಂದರ ಐಟಿ ವಿಭಾಗದಲ್ಲಿ ದೊಡ್ಡ ಹುದ್ದೆ ಎಂದು ಎಲ್ಲರೂ ತಿಳಿದಿದ್ದ ಮನುಷ್ಯ.

"ಅಂಕಲ್, ನೀವಾ? ಇಲ್ಲೇನ್ಮಾಡ್ತಿದೀರ?" ಎಂದ ಕುಶಾಲ್.

ಸಂಪತ್ ಅವನ ಮುಖವನ್ನು ನೋಡಿದ. ಗುರುತು ಸಿಕ್ಕಿದ್ದು ಅವನ ಕಣ್ಣಲ್ಲೇ ಕಾಣಿಸಿತು. ಆಮೇಲೆ ಬಾಗಿಲು ಹಾಕಿಕೊಂಡಂತೆ ಆ ಮುಖ ಮುಚ್ಚಿಕೊಂಡಿತು. "ಸಾರಿ ಬಾಸ್, ಇಂಗ್ಲಿಷ್ ಪ್ಲೀಸ್," ಎಂದ.

ಹಿಂದೆ ಬಂದು ನಿಂತಿದ್ದ 'ಆ ಹೊಕ್' ಎಂಬ ಹೆಸರಿನವನು ಕಿಸಕ್ಕೆಂದ. ಮಲೇಷ್ಯಾದಿಂದ ದಿನಾ ಮೋಟರ್‌ಬೈಕಿನಲ್ಲಿ ಗಡಿ ದಾಟಿ ಬರುವ ಆ ಹೊಕ್, ಕುಶಾಲನ ಪಕ್ಕದ ಬೇಯಲ್ಲೇ, ಅಂದರೆ ಕಾರು ನಿಲ್ಲಿಸಿ ರಿಪೇರಿ ಮಾಡುವ ಅಂಕಣದಲ್ಲೇ, ಕೆಲಸ ಮಾಡುವವನು. ಯಾರು ಯಾರಿಗೆ ಅವಮಾನ ಮಾಡಿದರೂ ಅವನಿಗೆ ಖುಷಿ.

ಸಂಪತ್ ಅಂಕಲ್ ಮೇಲೆ ಕುಶಾಲನಿಗೆ ಸಿಟ್ಟು ಹುಟ್ಟಿದ್ದು ಆ ದಿನವಲ್ಲ. ಅದು ಹಳೇ ಸಿಟ್ಟು, ತಿಕ್ಕಿ ತಿಕ್ಕಿ ಮೊನೆ ಬಂದದ್ದು. ಅವನು ಸೆಕೆಂಡರಿ ಶಾಲೆಯಲ್ಲಿದ್ದಾಗ ಶನಿವಾರ ಶನಿವಾರ ಸಂಪತ್ ಮನೆಯಲ್ಲಿ, ಹೌಗಾಂಗಿನ ಎಂಟನೆಯ ಮಹಡಿಯಲ್ಲಿ, ಕನ್ನಡದ ಮಕ್ಕಳಿಗೆಲ್ಲ ಗಣಿತದ ಪಾಠ. ಒಂದು ಗಣೇಶನ ಹಬ್ಬದ ಊಟಕ್ಕೆ ನಲವತ್ತು ಜನ ಸೇರಿದ್ದಾಗ ಅಪ್ಪ ದ್ವಾರಕನಾಥ್, ನಮ್ಮವನು ಹೇಗೆ ಓದುತ್ತಿದ್ದಾನೆ ಎಂದು ಸುಮ್ಮನೆ ಕೇಳಿದ. ಸಂಪತ್ ಬಾಳೆ ಎಲೆಯ ಮುಂದೆ ಕೂತು, ಪಾಯಸದ ಲೋಟ ಎತ್ತಿ ಹಿಡಿದು ಹೇಳಿದ್ದ: "ದ್ವಾರಕ್, ಇವನ ತಲೆ ಜಾಮ್ ಆಗೋಗಿದೆ ಕಣಯ್ಯ. ಬಿಚ್ಚೋಕೆ ಸ್ಪ್ಯಾನರೇ ಬೇಕು."

ನಲವತ್ತು ಜನ ನಕ್ಕರು. ಅಪ್ಪನೂ ನಕ್ಕ. ಆವತ್ತಿನಿಂದ ಕನ್ನಡದ ಹುಡುಗರ ನಡುವೆ ಕುಶಾಲ್ ಎಂಬ ಹೆಸರೇ ಹೋಯಿತು, ಸ್ಪ್ಯಾನರ್ ಎಂಬುದು ಉಳಿಯಿತು. ಸಂಪತ್‌ನ ಮಗಳು ಪ್ರಣತಿ ಎಂಆರ್‌ಟಿ ರೈಲಿನಲ್ಲಿ ಎದುರಾದರೂ, "ಹಾಯ್ ಸ್ಪ್ಯಾನರ್" ಅಂತಲೇ. ಮರುವರ್ಷ ಅವನು ಶಾಲೆ ಬಿಟ್ಟ. ತಲೆ ಜಾಮ್ ಆಗಿತ್ತೋ ಇಲ್ಲವೋ, ಅಂದಿನಿಂದ ಅವನು ಪುಸ್ತಕ ತೆರೆದಾಗಲೆಲ್ಲ ನಲವತ್ತು ಬಾಯಿ ನಗುತ್ತಿದ್ದವು. ಒಂದು ಮಾತ್ರ ಹೇಳಬೇಕು. ಆ ಮನೆಯಲ್ಲಿ ಸಂಪತ್‌ನ ಹೆಂಡತಿ ವಿನುತಾ ಆಂಟಿ ಯಾವತ್ತೂ ಅವನನ್ನು ಸ್ಪ್ಯಾನರ್ ಎನ್ನಲಿಲ್ಲ. ಪಾಠದ ದಿನ ಎಲ್ಲರಿಗೂ ಬಿಸ್ಕತ್ತು ಕೊಟ್ಟರೆ ಅವನಿಗೆ ಅಡುಗೆಮನೆಗೆ ಕರೆದು ದೋಸೆ ಹಾಕಿಕೊಡುತ್ತಿದ್ದಳು. ಹಸಿದವನ ಮುಖ ನನಗೆ ಗೊತ್ತಾಗುತ್ತೆ ಎನ್ನುತ್ತಿದ್ದಳು.

ಜೂನಿನ ಆ ಗುರುವಾರ ಎಲ್ಲರೂ ಚದುರಿದ ಮೇಲೆ ಸಂಪತ್ ಕುಶಾಲನನ್ನು ಲಾರಿಯ ಹಿಂದಕ್ಕೆ ಕರೆದ. ಆಗ ಕನ್ನಡ ವಾಪಸ್ಸು ಬಂದಿತ್ತು. ಬ್ಯಾಂಕಿನವರು ಕೆಲಸದಿಂದ ತೆಗೆದು ವರ್ಷವಾಯಿತು, ಐವತ್ತು ಹತ್ತಿರ ಬಂದವನಿಗೆ ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ, ಇದ್ದದ್ದನ್ನೆಲ್ಲ ಸುರಿದು ಈ ಡೀಲರ್‌ಶಿಪ್ ಹಿಡಿದಿದ್ದೇನೆ ಎಂದ. ವಿನುತಾಳನ್ನೂ ಪ್ರಣತಿಯನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಅಪ್ಪನಿಗೆ ಹೇಳಬೇಡ ಎಂದ. ಕುಶಾಲ್ ಎಣ್ಣೆಗೈಯನ್ನು ಚಿಂದಿಗೆ ಒರೆಸುತ್ತ ಕೇಳಿಸಿಕೊಂಡ. ಅವನಿಗೆ ಕರುಣೆ ಬರಲಿಲ್ಲ. ಹಬ್ಬದೂಟ ತಟ್ಟೆಗೆ ಬಿದ್ದ ಹಾಗೆ ಅನ್ನಿಸಿತು.

ಮೊದಮೊದಲು ಸಾಲಿನವರು ಸಂಪತ್‌ನ ಹತ್ತಿರ ಏನೂ ಕೊಳ್ಳಲಿಲ್ಲ. ಅವನ ಅಂಗಿಯೇ ಅವರಿಗೆ ಹಿಡಿಸಲಿಲ್ಲ. ಮುದುಕ ಅಂಕಲ್ ಆದರೆ ಲಾರಿಯಲ್ಲಿ ಕೂತು ಕಾಪಿ ಕುಡಿಯುತ್ತ ಎಲ್ಲರ ಅಮ್ಮನ ಕ್ಷೇಮ ಕೇಳುತ್ತಿದ್ದ, ಇವನು ಬ್ಯಾಂಕಿನವನಂತೆ ಗುಡ್ ಮಾರ್ನಿಂಗ್ ಎನ್ನುತ್ತಿದ್ದ. ಹಾಗೆ ಎರಡು ತಿಂಗಳು ನಡೆದರೆ ಕಂಪನಿ ಲಾರಿಯನ್ನು ಕಿತ್ತುಕೊಂಡು ಬೇರೆಯವರಿಗೆ ಕೊಡುತ್ತದೆ ಎಂದು ಸಂಪತ್ ಒಮ್ಮೆ ಹೇಳಿದ. ಅವನ ಸುತ್ತಿನಲ್ಲೆಲ್ಲ ದೊಡ್ಡ ವ್ಯಾಪಾರದ ಜಾಗ ಇದೊಂದೇ ಸಾಲು. ಇದು ಹೋದರೆ ಎಲ್ಲವೂ ಹೋದಂತೆ.

ಆಗ ಕುಶಾಲ್ ಒಂದು ಕರಾರು ಮಾಡಿದ. ಸಾಲಿನವರನ್ನು ನಾನು ಕರೆತರುತ್ತೇನೆ, ನೀವು ಒಂದೇ ಒಂದು ಕೆಲಸ ಮಾಡಬೇಕು. ನವರಾತ್ರಿಗೆ ನಮ್ಮಮ್ಮ ಗೊಂಬೆ ಕೂರಿಸುತ್ತಾಳಲ್ಲ, ಆವತ್ತು ಸಂಜೆ ಸೆಂಗ್‌ಕಾಂಗಿನ ನಮ್ಮ ಮನೆಗೆ ಎಲ್ಲರೂ ಬಂದಾಗ, ಎಲ್ಲರೆದುರು ಹೇಳಬೇಕು.

"ಏನಂತ?" ಎಂದ ಸಂಪತ್.

"ಈ ಹುಡುಗನಿಂದ ನನ್ನ ಒಲೆ ಉರೀತಿದೆ ಅಂತ. ಅಷ್ಟೇ. ಲಾರಿ ವಿಷ್ಯ ಬೇಡ ಅಂದ್ರೆ ಬೇಡ. ಇವನಿಂದ ಅಂತ ಹೇಳಿ ಸಾಕು."

ಸಂಪತ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಖಂಡಿತ ಮರಿ. ಅದೇನ್ ದೊಡ್ಡದು," ಎಂದ.

ಕುಶಾಲ್ ಮಾತಿಗೆ ತಪ್ಪಲಿಲ್ಲ. ಇವರು ನಮ್ಮವರು, ಗೊತ್ತಿರುವ ಮನೆ, ನಂಬಬಹುದು ಎಂದು ಒಂದೊಂದು ಬೇಯ ಹತ್ತಿರವೂ ಹೋಗಿ ಹೇಳಿದ. ತನ್ನ ಟೌಕೆಗೂ ಹೇಳಿದ. ಟೌಕೆ ಮಾತು ಕಡಿಮೆಯ ಮನುಷ್ಯ. ಗ್ಯಾರೇಜಿನ ಮೂಲೆಯಲ್ಲಿ ಕೆಂಪು ದೀಪದ ದೇವರಿಟ್ಟುಕೊಂಡು ದಿನಾ ಕಿತ್ತಳೆ ಇಟ್ಟು ಕೈಮುಗಿಯುತ್ತಿದ್ದ. ಅವನು ಒಂದು ಟಾರ್ಕ್ ರೆಂಚ್ ಕೊಂಡ ಮೇಲೆ ಉಳಿದವರೂ ಕೊಂಡರು. ಸೆಪ್ಟೆಂಬರಿನ ಹೊತ್ತಿಗೆ ಸಂಪತ್ ಅಂಗಿಯ ತೋಳು ಮಡಚುವುದನ್ನು ಕಲಿತಿದ್ದ, ಯಾರ ಅಮ್ಮನಿಗೆ ಸಕ್ಕರೆ ಕಾಯಿಲೆ ಎಂಬುದನ್ನೂ ಕಲಿತಿದ್ದ.

ಅಕ್ಟೋಬರಿನಲ್ಲಿ ಕುಶಾಲನ ರ‍್ಯಾಚೆಟ್ ಮುರಿಯಿತು. ಕಟಕಟ ಸದ್ದು ಮಾಡುತ್ತ ನಟ್ಟು ತಿರುಗಿಸುವ ಆ ಹಿಡಿ ಅವನ ಮೊದಲ ಸಂಬಳದ್ದು. ಪ್ರತಿ ವರ್ಷ ಆಯುಧಪೂಜೆಗೆ ಅಮ್ಮ ರೇಣುಕಾ ಅವನ ಊಟದ ಚೀಲದಲ್ಲಿ ಒಂದು ಕುಂಕುಮದ ಪೊಟ್ಟಣ ಹಾಕಿ ಕಳಿಸುತ್ತಿದ್ದಳು. ಮಗನ ಕೆಲಸದ ಹೆಸರು ಹೇಳಲು ನಾಚುತ್ತಿದ್ದ ತಾಯಿ ಅದೊಂದು ಪೊಟ್ಟಣವನ್ನು ಮಾತ್ರ ಮರೆಯುತ್ತಿರಲಿಲ್ಲ. ಅವನು ಹಳೇ ಪೇಪರ್ ಹಾಸಿ, ತನ್ನ ಸಾಮಾನನ್ನೆಲ್ಲ ಜೋಡಿಸಿ, ಒಂದೊಂದಕ್ಕೂ ಬೊಟ್ಟಿಡುತ್ತಿದ್ದ. ಹಿಡಿಯ ಗೀರುಗಳಲ್ಲಿ ವರ್ಷವರ್ಷದ ಕುಂಕುಮ ಎಣ್ಣೆಯ ಜೊತೆ ಗಟ್ಟಿಯಾಗಿ ಕೂತಿತ್ತು. ನಿನ್ನ ಸ್ಪ್ಯಾನರಿಗೆಲ್ಲ ಮದುವೆಯಾಗಿದೆ ಎಂದು ಆ ಹೊಕ್ ಹಾಸ್ಯ ಮಾಡುತ್ತಿದ್ದ. ಮುರಿದ ರ‍್ಯಾಚೆಟ್ಟನ್ನು ಸಂಪತ್‌ಗೆ ಕೊಟ್ಟಾಗ, ಆ ಅಳತೆಯದು ಲಾರಿಯಲ್ಲಿಲ್ಲ, ಮುಂದಿನ ಗುರುವಾರ ತರುತ್ತೇನೆ ಎಂದ.

ಗೊಂಬೆಯ ಸಂಜೆ ಬುಧವಾರ ಬಿತ್ತು. ಇಂಡೋನೇಷ್ಯಾದ ಕಾಡು ಉರಿದ ಹೊಗೆ ಊರನ್ನೆಲ್ಲ ಮುಚ್ಚಿದ್ದ ವರ್ಷ ಅದು. ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿಯ ಜೊತೆ ಮೂಗಿನ ಮಾಸ್ಕನ್ನೂ ಕಳಚಿಟ್ಟರು. ಕಿಟಕಿಗಳೆಲ್ಲ ಬಂದ್, ಏಸಿ, ಪಟ್ಟದ ಗೊಂಬೆಗಳಿಗೆ ಸೀರಿಯಲ್ ಲೈಟು, ಕಡಲೆಕಾಳಿನ ಉಸಲಿ. ಕುಶಾಲ್ ಉಗುರಿನ ಸಂದಿಯ ಕಪ್ಪನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದು, ಹೊಸ ಅಂಗಿ ಹಾಕಿ, ಸೋಫಾದ ಪಕ್ಕ ನಿಂತಿದ್ದ. ಜೀವಮಾನದಲ್ಲಿ ಅವನು ಯಾವ ಮಾತಿಗೂ ಅಷ್ಟು ಕಾದವನಲ್ಲ.

ಸಂಪತ್ ಬಂದ, ವಿನುತಾ ಬಂದಳು. ಉಸಲಿ ತಿನ್ನುತ್ತ ಮಾತು ಊರಿನ ಹೊಗೆಯಿಂದ ಕೆಲಸಗಳಿಗೆ ತಿರುಗಿತು. ಯಾವ ಬ್ಯಾಂಕಿನಲ್ಲಿ ಎಷ್ಟು ಜನರನ್ನು ತೆಗೆದರು ಎಂದು ಒಬ್ಬರು ಹೇಳುತ್ತಿದ್ದಾಗ ದ್ವಾರಕನಾಥ್, ನಿನ್ನ ಕಡೆ ಹೇಗಿದೆ ಸಂಪತ್ ಎಂದು ಕೇಳಿದ.

ಸಂಪತ್ ಕೆಳಗೆ ನೋಡಿದ. ಕುಶಾಲ್ ಸೋಫಾದ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದ. ಈಗ ಹೇಳುತ್ತಾನೆ.

"ನಾನು ಬ್ಯಾಂಕ್ ಬಿಟ್ನಪ್ಪ," ಎಂದ ಸಂಪತ್. "ಬೋರಾಗಿತ್ತು. ಈಗ ಇಂಡಸ್ಟ್ರಿಯಲ್ ಟೂಲ್ಸ್ ಕಡೆ ಶಿಫ್ಟ್ ಆಗಿದೀನಿ. ರೀಜನಲ್ ರೋಲು, ಓಡಾಟ ಜಾಸ್ತಿ." ಆಮೇಲೆ ತಲೆ ಎತ್ತಿ ಕುಶಾಲನನ್ನು ಕಂಡು, ಇದ್ದಕ್ಕಿದ್ದಂತೆ ನೆನಪಾದವನ ಹಾಗೆ ನಕ್ಕ. "ನಮ್ ಸ್ಪ್ಯಾನರೂ ಅದೇ ಲೈನಲ್ಲೇ ಇದಾನಲ್ಲ. ಏನಾದ್ರೂ ಬೇಕಾದ್ರೆ ನನ್ನ ಕೇಳು ಮರಿ, ಸಂಕೋಚ ಬೇಡ."

ಕೋಣೆ ನಕ್ಕಿತು. ಕೆಟ್ಟ ನಗುವೇನಲ್ಲ, ಹಳೇ ಜೋಕಿಗೆ ನಗುವ ಹಾಗೆ. ದ್ವಾರಕನಾಥ್ ನಗುತ್ತ ಮಗನ ಬೆನ್ನು ತಟ್ಟಿದ. ಅಂಕಲ್‌ಗೆ ಥ್ಯಾಂಕ್ಸ್ ಹೇಳೋ ಎಂದ.

ಕುಶಾಲ್ ಥ್ಯಾಂಕ್ಸ್ ಹೇಳಿದ.

ಅಡುಗೆಮನೆಗೆ ಹೋಗಿ ಸಿಂಕಿನ ಮುಂದೆ ನಿಂತಾಗ ವಿನುತಾ ಹಿಂದೆಯೇ ಬಂದಳು. ತಟ್ಟೆ ಇಡಲು ಬಂದವಳಂತೆ ಬಂದು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. ನೀನು ಏನು ಮಾಡಿದ್ದೀಯ ಎಂದು ಅವರು ಮನೆಯಲ್ಲಿ ಹೇಳಿದ್ದಾರೆ, ನಿನ್ನ ಋಣ ನಮ್ಮ ಮೇಲಿದೆ ಎಂದಳು. ಇಲ್ಲಿ ಹೇಳದಿದ್ದರೆ ಬೇಜಾರು ಮಾಡಿಕೊಳ್ಳಬೇಡ, ಗಂಡಸರ ಮರ್ಯಾದೆ ಎಂದಳು. ಆಮೇಲೆ ಅವಳು ಬಂದ ಮುಖ್ಯ ವಿಷಯಕ್ಕೆ ಬಂದಳು.

"ನಾಳೆ ಆಯುಧಪೂಜೆ. ಬೆಳಿಗ್ಗೆ ಲಾರಿ ಹತ್ರ ಹೋಗಿ ಪೂಜೆ ಮಾಡೋಣ ಅಂತಿದೀನಿ. ಚಕ್ರದಡಿ ನಿಂಬೆಹಣ್ಣಿಟ್ರೆ ಸಾಕು ಅಂತಾರೆ ಇವ್ರು. ನೀನೇ ಹೇಳು, ಆ ಕಸುಬಲ್ಲಿರೋನು. ಒಳಗಿರೋ ಸಾಮಾನಿಗೂ ಹಚ್ಬೇಕಲ್ವಾ?"

ಕುಶಾಲ್ ನಲ್ಲಿ ನಿಲ್ಲಿಸಿದ. ಹೊಸ ಸಾಮಾನಿಗೆ ಕುಂಕುಮ ಹಚ್ಚಿದರೆ ಅದು ಹೇಗೆ ಕಾಣುತ್ತದೆ ಎಂದು ಆ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಗೀರಿನಲ್ಲಿ ಕೂತ ಕುಂಕುಮಕ್ಕೂ ತುಕ್ಕಿಗೂ ಮಾರುದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ.

"ಎಲ್ಲಕ್ಕೂ ಹಚ್ಚಿ ಆಂಟಿ," ಎಂದ. "ಡ್ರಾಯರ್ ಡ್ರಾಯರೂ ತೆಗೆದು ಹಚ್ಚಿ. ಕ್ರೇಟಲ್ಲಿ ಮುರಿದಿದ್ದು ಇರುತ್ತಲ್ಲ, ಅದಕ್ಕೂ. ಒಂದನ್ನೂ ಬಿಡ್ಬೇಡಿ. ಮತ್ತೆ ಆವತ್ತೇ ಒರೆಸ್ಬಾರ್ದು."

"ಅದೇ ನಾನೂ ಅಂದ್ಕೊಂಡೆ," ಎಂದಳು ವಿನುತಾ. ಅವನ ಗಲ್ಲ ಮುಟ್ಟಿ ನೆಟಿಗೆ ತೆಗೆದಳು. ತಾಂಬೂಲ ತೆಗೆದುಕೊಂಡು ಹೋಗುವಾಗ ಬಾಗಿಲಲ್ಲಿ ತಿರುಗಿ ಅವನಿಗೊಬ್ಬನಿಗೇ ತಲೆಯಾಡಿಸಿದಳು.

ಮರುದಿನ ಹಾರನ್ ಎರಡು ಸಲ ಹೊಡೆಯಿತು. ಹೊಗೆಯಲ್ಲಿ ಸೂರ್ಯ ತಾಮ್ರದ ಬಿಲ್ಲೆಯ ಹಾಗಿದ್ದ. ಲಾರಿಯ ಮುಂದಿನ ಗಾಜಿಗೆ ಚೆಂಡುಹೂವಿನ ಹಾರ, ಚಕ್ರಕ್ಕೆ ಅಪ್ಪಚ್ಚಿಯಾದ ನಿಂಬೆಯ ಸಿಪ್ಪೆ ಅಂಟಿತ್ತು. ಹಿಂಬಾಗಿಲು ತೆರೆದಾಗ ಊದುಬತ್ತಿಯ ವಾಸನೆ ಹೊರಗೆ ಬಂತು. ಸಂಪತ್ ಹಣೆಗೆ ಕುಂಕುಮ ಇಟ್ಟುಕೊಂಡು, ಮದುವೆಮನೆಯವನ ಹಾಗೆ ಅರ್ಧ ನಾಚಿಕೆ ಅರ್ಧ ಖುಷಿಯಲ್ಲಿ ಕೈಮುಗಿದು ನಿಂತಿದ್ದ. ಅವನ ಹಿಂದೆ ಡ್ರಾಯರುಗಳು ತೆರೆದಿದ್ದವು. ಒಂದೊಂದು ಸ್ಪ್ಯಾನರಿನ ಮೇಲೂ, ಒಂದೊಂದು ಸಾಕೆಟ್ಟಿನ ಮೇಲೂ ಅರಿಸಿನದ ಬೊಟ್ಟು, ಅದರ ಮೇಲೆ ಕುಂಕುಮ. ಹೆಂಗಸಿನ ಕೈ, ತಾಳ್ಮೆಯ ಕೈ, ಒಂದನ್ನೂ ಬಿಟ್ಟಿರಲಿಲ್ಲ. ಒದ್ದೆ ಬೆರಳಿನಲ್ಲಿ ಹಚ್ಚಿದ್ದರಿಂದ ಬೊಟ್ಟುಗಳು ಇಳಿದು ಹಿಡಿಯ ಗೀರುಗಳಲ್ಲಿ ಕೆಂಚಗೆ ಒಣಗಿದ್ದವು.

ಆ ಹೊಕ್ ಒಂದು ರಿಂಗ್ ಸ್ಪ್ಯಾನರ್ ಎತ್ತಿಕೊಂಡ. ಹೆಬ್ಬೆರಳು ಕೆಂಪಾಯಿತು. ಬೆರಳನ್ನು ಮೂಸಿದ. ಬಗ್ಗಿ ನೀಲಿ ಕ್ರೇಟಿನಿಂದ ಮುರಿದದ್ದೊಂದನ್ನು ಎತ್ತಿದ. ಅದರ ಮೇಲೂ ಅದೇ ಕೆಂಪು. ಎರಡನ್ನೂ ಅಕ್ಕಪಕ್ಕ ಹಿಡಿದು, ಇದೇನು ಬಾಸ್ ಎಂದ.

ಪ್ರಾರ್ಥನೆ ಎಂದ ಸಂಪತ್. ಇವತ್ತು ನಮ್ಮಲ್ಲಿ ಸಾಮಾನುಗಳ ಹಬ್ಬ, ನನ್ನ ಹೆಂಡತಿ ಬೆಳಿಗ್ಗೆ ಪೂಜೆ ಮಾಡಿದಳು, ನಾಳೆ ಒರೆಸಿಬಿಡುತ್ತೇನೆ ಎಂದ. ಜನ ತಲೆಯಾಡಿಸಿದರು. ಟೌಕೆ ತನ್ನ ಮೂಲೆಯ ಕೆಂಪು ದೀಪದ ಕಡೆ ಒಮ್ಮೆ ನೋಡಿ ಸರಿ ಎನ್ನುವಂತೆ ಹುಬ್ಬು ಹಾರಿಸಿದ. ವಿಷಯ ಅಲ್ಲಿಗೇ ಮುಗಿದು ಹೋಗುತ್ತಿತ್ತು. ಮುಗಿಯಲಿ ಎಂದು ಬಿಟ್ಟಿದ್ದರೆ ಆ ಮಧ್ಯಾಹ್ನ ಯಾರಿಗೂ ನೆನಪಿರುತ್ತಿರಲಿಲ್ಲ.

ಆದರೆ ಆ ಹೊಕ್ ಕುಶಾಲನ ಕಡೆ ತಿರುಗಿ ತನ್ನ ಇಂಗ್ಲಿಷಿನಲ್ಲಿ ಕೇಳಿದ. "ನಿನ್ನ ಬಾಕ್ಸಲ್ಲೂ ಈ ಕೆಂಪು ಉಂಟಲ್ಲ. ನೀನು ಹೇಳು ಲಾ. ಹೌದಾ?"

ಕುಶಾಲ್ ತನ್ನ ಬೇಯ ಕಡೆ ಹೋಗಿ, ಬಾಕ್ಸಿನಿಂದ ಒಂದು ಸ್ಪ್ಯಾನರ್ ತೆಗೆದು, ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಬಂದ. ಹಲ್ಲು ಸವೆದ ಹಳೇ ಸ್ಪ್ಯಾನರ್. ಗೀರುಗಳಲ್ಲಿ ಕುಂಕುಮ.

ಪೂಜೆ ಇರುವುದು ನಿಜ, ಎಂದ ಕುಶಾಲ್ ಇಂಗ್ಲಿಷಿನಲ್ಲಿ, ನಿಧಾನವಾಗಿ. ಸಂಪತ್‌ನ ಭುಜ ಸಡಿಲವಾದದ್ದು ಕಾಣಿಸಿತು. ಆ ಭುಜಗಳು ಪೂರ್ತಿ ಇಳಿಯುವ ತನಕ ಕಾದು ಕುಶಾಲ್ ಮುಂದುವರಿಸಿದ. ಆದರೆ ನಾವು ಕುಂಕುಮ ಹಚ್ಚುವುದು ದುಡಿದ ಸಾಮಾನಿಗೆ. ಇದು ನನ್ನ ಕೈಯಲ್ಲಿ ದುಡಿದಿದೆ, ಇದಕ್ಕೆ ಹಚ್ಚಿದ್ದೇನೆ. ಮಾರುವ ಹೊಸ ಸಾಮಾನಿಗೆ ಯಾರೂ ಹಚ್ಚುವುದಿಲ್ಲ. ಕುಂಕುಮ ಇದೆ ಎಂದರೆ ಅದು ಯಾರೋ ಬಳಸಿದ್ದು.

ಇಷ್ಟು ವರ್ಷ ಅವರು ಕುಂಕುಮ ನೋಡಿದ್ದು ಕುಶಾಲನ ಹಳೇ ಸಾಮಾನಿನ ಮೇಲೆ ಮಾತ್ರ. ಅವನು ಹೇಳಿದ್ದು ಅವರ ಕಣ್ಣಿಗೆ ಮೊದಲೇ ಗೊತ್ತಿತ್ತು. ಪಕ್ಕದ ಬ್ಲಾಕಿನಲ್ಲಿ ತಮಿಳಿನವನೊಬ್ಬನಿದ್ದ, ಕೇಳಿದ್ದರೆ ಅಂಗಡಿಯವರು ತಕ್ಕಡಿಗೂ ಹಚ್ಚುತ್ತಾರೆ ಎಂದು ಹೇಳಿರುತ್ತಿದ್ದ. ಅವನು ಹಬ್ಬಕ್ಕೆ ರಜೆ ಹಾಕಿದ್ದ.

"ಕುಶಾಲ್, ಏನೋ ಇದು?" ಎಂದ ಸಂಪತ್. ಕನ್ನಡ ಅವನ ಬಾಯಿಂದ ತಾನಾಗಿ ಬಿದ್ದಿತ್ತು. "ಯಾಕೋ ಹೀಗ್ ಹೇಳ್ತಿದೀಯ? ಸರಿಯಾಗ್ ಹೇಳೋ. ನಿನ್ ಕಾಲ್ ಹಿಡೀತೀನಿ."

ಕುಶಾಲ್ ಅವನ ಕಣ್ಣನ್ನೇ ನೋಡಿದ.

"ಸಾರಿ ಬಾಸ್," ಎಂದ. "ಇಂಗ್ಲಿಷ್ ಪ್ಲೀಸ್."

ಆಮೇಲಿನದಕ್ಕೆ ಅವನು ಏನೂ ಮಾಡಬೇಕಾಗಿರಲಿಲ್ಲ. ಆ ಹೊಕ್ ಲಾರಿ ಹತ್ತಿ ಡ್ರಾಯರುಗಳನ್ನು ಎಳೆದೆಳೆದು ನೋಡಿದ. ಅನುಮಾನದಿಂದ ಹುಡುಕುವವನಿಗೆ ಗೀರು ಸಿಗದೆ ಇರುತ್ತದೆಯೇ. ಗಿರಾಕಿಗಳಿಗೆ ತೋರಿಸಲೆಂದು ಇಟ್ಟಿದ್ದ ಒಂದು ಸಾಕೆಟ್ ಸೆಟ್ಟಿನ ಮೇಲೆ ಉಜ್ಜಿದ ಗುರುತು ಸಿಕ್ಕಿತು. ಅಷ್ಟು ಸಾಕಾಯಿತು. ನಮ್ಮಿಂದ ಮುರಿದದ್ದನ್ನು ತೆಗೆದುಕೊಂಡು ತಿಕ್ಕಿ ನಮಗೇ ಹೊಸದೆಂದು ಮಾರುತ್ತಿದ್ದಾನೆ ಎಂದು ಒಬ್ಬ ಅಂದ. ಇನ್ನೊಬ್ಬ ಫೋಟೋ ತೆಗೆದ. ಸಾಲಿನವರ ವಾಟ್ಸಾಪ್ ಗುಂಪಿಗೆ ಅದು ಹೋಗಿ, ಅಲ್ಲಿಂದ ಬೇರೆ ಸಾಲುಗಳ ಗುಂಪಿಗೂ ಹೋಯಿತು. ಸಂಪತ್ ಬಿಲ್ಲು ತೋರಿಸಲು ಹೋದ, ಯಾರೂ ನೋಡಲಿಲ್ಲ. ಹೆಂಡತಿಗೆ ಫೋನ್ ಮಾಡುತ್ತೇನೆ ಕೇಳಿ ಎಂದ, ಅದಕ್ಕೆ ನಕ್ಕರು. ಕೊನೆಗೆ ಟೌಕೆ ಮೆಲ್ಲಗೆ ಬಂದು ತನ್ನ ಟಾರ್ಕ್ ರೆಂಚನ್ನು ಲಾರಿಯ ಮೆಟ್ಟಿಲ ಮೇಲಿಟ್ಟು, ಹಿಂಬಾಗಿಲನ್ನು ತಾನೇ ಎಳೆದು ಮುಚ್ಚಿದ. ಇನ್ನು ಬರಬೇಡ ಎಂದ. ದನಿ ಕೂಡ ಏರಿಸಲಿಲ್ಲ.

ಲಾರಿ ಹೊರಟಾಗ ಹಾರದಿಂದ ಒಂದು ಚೆಂಡುಹೂವು ಕಳಚಿ ಎಣ್ಣೆ ಬಿದ್ದ ನೆಲದಲ್ಲಿ ಉರುಳಿತು. ಕುಶಾಲ್ ಹಾಕರ್ ಸೆಂಟರಿಗೆ ಹೋಗಿ ಎರಡು ತಟ್ಟೆ ಚಿಕನ್ ರೈಸ್ ತಿಂದ. ಅನ್ನಕ್ಕೆ ಅಂಥ ರುಚಿ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ತಿಂಗಳು ಮುಗಿಯುವ ಮೊದಲೇ ಕಂಪನಿ ಸಂಪತ್‌ನಿಂದ ಲಾರಿ ವಾಪಸ್ಸು ಪಡೆಯಿತು. ದ್ವಾರಕನಾಥ್ ಒಂದು ಸಂಜೆ ಟಿವಿ ನೋಡುತ್ತ, ಸಂಪತ್ ಏನೋ ಟೂಲ್ ಲಾರಿ ಓಡಿಸುತ್ತಿದ್ದನಂತೆ, ಹಳೇ ಮಾಲು ಮಾರಿ ಸಿಕ್ಕಿಬಿದ್ದನಂತೆ, ನಂಬೋಕಾಗುತ್ತಾ ಎಂದು ರೇಣುಕಾಗೆ ಹೇಳಿದ. ಆಮೇಲೆ ಮಗನ ಕಡೆ ತಿರುಗಿ, ನಿಮ್ಮ ಕಡೆಯಂತೆ, ನಿನಗೇನಾದರೂ ಗೊತ್ತಾ ಎಂದು ಕೇಳಿದ. ಜೀವಮಾನದಲ್ಲಿ ಮೊದಲ ಸಲ ಅಪ್ಪ ಅವನನ್ನು ಏನನ್ನಾದರೂ ತಿಳಿದವನ ಹಾಗೆ ಕೇಳಿದ್ದ. ಕುಶಾಲ್ ಗೊತ್ತಿಲ್ಲ ಎಂದ.

ಸಾಲಿಗೆ ಮತ್ತೆ ಲಾರಿ ಬರಲಿಲ್ಲ. ಹೊಸ ಡೀಲರ್ ಒಬ್ಬ ಬಂದಿದ್ದಾನೆ, ಆದರೆ ಮುಂದಿನ ರಸ್ತೆಯ ದೊಡ್ಡ ಶೋರೂಮುಗಳಿಗಷ್ಟೇ ಹೋಗುತ್ತಾನೆ ಎಂದು ಸುದ್ದಿ ಬಂತು. ಹಿಂದಿನ ಸಾಲಿನವರು ಗಲಾಟೆಯವರು ಎಂದು ಅವನಿಗೆ ಹೇಳಿದ್ದಾರಂತೆ. ಗುರುವಾರ ಬಂದರೆ ಜನ ಅಭ್ಯಾಸಬಲದಿಂದ ಕಾರಿನಡಿಯಿಂದ ತಲೆ ಹೊರಹಾಕಿ, ಮತ್ತೆ ಒಳಗೆ ಹೋಗುತ್ತಿದ್ದರು. ಕುಶಾಲ್ ಆ ಹೊಕ್‌ನ ರ‍್ಯಾಚೆಟ್ ಬೇಡಿ ಬೇಡಿ ಕೆಲಸ ಮಾಡಿದ. ಆ ಹೊಕ್ ಕೊಡುವಾಗಲೆಲ್ಲ 'ಪ್ಲೀಸ್' ಅಂತ ಹೇಳು ಎನ್ನುತ್ತಿದ್ದ, ಹೇಳಿಸಿಕೊಂಡೇ ಕೊಡುತ್ತಿದ್ದ.

ದೀಪಾವಳಿಗೆ ಎರಡು ದಿನ ಇದ್ದಾಗ ವಿನುತಾ ಗ್ಯಾರೇಜಿಗೆ ಬಂದಳು. ಬಸ್ಸಿನಲ್ಲಿ ಬಂದು, ದಾರಿ ಕೇಳಿಕೊಂಡು, ಗ್ರೀಸಿನ ನೆಲದ ಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ನಿಂತಿದ್ದಳು. ಕುಶಾಲನಿಗೆ ಓಡಿಹೋಗಬೇಕು ಅನ್ನಿಸಿತು. ಗೊತ್ತಾಗಿದೆ ಎಂದುಕೊಂಡ. ಬೈಯಲಿ, ಹೊಡೆಯಲಿ, ಅದಕ್ಕೆ ಕೊಡಲು ಉತ್ತರವಿತ್ತು ಅವನ ಹತ್ತಿರ. ನಲವತ್ತು ಜನರ ನಗುವಿತ್ತು.

ಅವಳು ಚೀಲದಿಂದ ಹಳದಿ ಬಟ್ಟೆಯಲ್ಲಿ ಸುತ್ತಿದ್ದೊಂದನ್ನು ತೆಗೆದು ಅವನ ಕೈಗಿಟ್ಟಳು. ಬಿಚ್ಚಿದರೆ ರ‍್ಯಾಚೆಟ್. ಅವನದೇ ಅಳತೆಯದು, ಹೊಚ್ಚ ಹೊಸದು. ಹಿಡಿಯ ಮೇಲೆ ಉಳಿದವುಗಳಿಗಿಂತ ದೊಡ್ಡದೊಂದು ಬೊಟ್ಟು.

"ಲಾರಿ ಕೊಡೋ ಮುಂಚೆ ಇದನ್ನ ತೆಗೆದಿಟ್ಟಿದ್ದೆ," ಎಂದಳು. "ನಿಂದೇ. ಆವತ್ತು ಎಲ್ಲಕ್ಕಿಂತ ಮೊದ್ಲು ನಿನ್ನದಕ್ಕೇ ಹಚ್ಚಿದ್ದು."

ಕುಶಾಲ್ ಅದನ್ನು ಹಿಡಿದುಕೊಂಡು ನಿಂತ.

ಅವಳು ಅಳಲಿಲ್ಲ. ಅತ್ತು ಮುಗಿದಿತ್ತು ಎಂದು ಕಾಣುತ್ತದೆ. ಮನೆಯ ವಿಷಯವನ್ನು ಬೇರೆಯವರ ಮನೆಯದನ್ನು ಹೇಳುವಂತೆ ಹೇಳಿದಳು. ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಿಂಬೆಹಣ್ಣು ಸಾಕು ಎಂದಿದ್ದೆ, ನೀನು ಮೂಢನಂಬಿಕೆಯಿಂದ ನನ್ನನ್ನು ಮುಳುಗಿಸಿದೆ ಎನ್ನುತ್ತಾರೆ. ಪ್ರಣತಿಯೂ ಅಪ್ಪನ ಕಡೆ. ಅಡುಗೆ ಮಾಡಿಟ್ಟರೆ ಇಬ್ಬರೂ ಹೊರಗೆ ತಿಂದು ಬರುತ್ತಾರೆ. ಇರಲಿ, ತಪ್ಪು ನನ್ನದೇ ಎಂದಳು.

"ನೀನು ಹೇಳಿದ್ದು ಅಂತ ನಾನ್ ಹೇಳಿಲ್ಲ," ಎಂದಳು ಆಮೇಲೆ. "ಎಲ್ಲಕ್ಕೂ ಹಚ್ಚಿ ಅಂದ್ಯಲ್ಲ, ಅದು. ಆವತ್ತು ಲಾರಿ ಹತ್ರ ನೀನೇನೋ ಅಂದೆ ಅಂತ ಮೊದ್ಲೇ ನಿನ್ನ ಮೇಲೆ ಕೆಂಡ ಕಾರ್ತಿದಾರೆ. ಇದೂ ಗೊತ್ತಾದ್ರೆ ನಿಮ್ಮಪ್ಪನ ಹತ್ರ ಜಗಳಕ್ಕೆ ಬರ್ತಾರೆ. ನೀನು ಹುಡುಗ. ಒಳ್ಳೇದಕ್ಕೆ ಹೇಳಿದ್ದೆ ಅಂತ ನಂಗೊತ್ತು."

ಆಗ ಅವನು ಹೇಳಬಹುದಾಗಿತ್ತು. ಹೇಳಲು ಬಾಯಿ ತೆರೆದ. ಅವಳು ಅವನ ಮುಖವನ್ನು ನೋಡಿದಳು, ಹೌಗಾಂಗಿನ ಅಡುಗೆಮನೆಯಲ್ಲಿ ನೋಡುತ್ತಿದ್ದ ಹಾಗೆಯೇ.

"ಊಟ ಆಯ್ತಾ?" ಎಂದಳು.

"ಆಯ್ತು ಆಂಟಿ."

ಅದೂ ಸುಳ್ಳು. ಅವಳು ನೆರಿಗೆ ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ಹೋದಳು. ಸೀರೆಯ ಅಂಚಿಗೆ ಗ್ರೀಸ್ ಹತ್ತಿತ್ತು. ಅದು ಯಾವ ಸೋಪಿಗೂ ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಕೂಗಿ ಹೇಳಲಿಲ್ಲ.

ತನ್ನ ಬೇಯೊಳಗೆ ವಾಪಸ್ಸು ಬಂದು ಚಿಂದಿಗೆ ಥಿನ್ನರ್ ಸುರಿದು ರ‍್ಯಾಚೆಟ್ಟನ್ನು ಉಜ್ಜಿದ. ಅರಿಸಿನ ಹೋಯಿತು. ಬೊಟ್ಟು ಹೋಯಿತು. ಗೀರಿನೊಳಗಿನ ಕೆಂಪು ಹೋಗಲಿಲ್ಲ. ತಂತಿಯ ಬ್ರಷ್ ತೆಗೆದುಕೊಂಡು, ಹೊಸ ಕ್ರೋಮಿನ ಮೇಲೆ ಗೀಚು ಬೀಳುವ ಹಾಗೆ ತಿಕ್ಕಿದ.

ಆ ಹೊಕ್ ಹಿಂದಿನಿಂದ ಬಗ್ಗಿ ನೋಡಿದ. ಆ ಹೆಂಗಸು ಯಾರು, ಇದೆಲ್ಲಿಂದ ಬಂತು, ಇನ್ನು ನನ್ನದನ್ನು ಕೇಳುವುದಿಲ್ಲವಲ್ಲ ಎಂದ. ಆಮೇಲೆ ಕೈ ಚಾಚಿ ಹಿಡಿಯ ಕೆಂಪಿನ ಮೇಲೆ ಉಗುರು ಎಳೆದ. "ಹೊಸದಾ? ಹಳೇದಾ?"

ಕುಶಾಲ್ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಹಳೇದು," ಎಂದ.